ಜಾರುಗಂಟು

"ನಿನ್ನ ಹಣೆ ಏನು ಮದ್ದಳೆಯಾ, ಆ ಮುದುಕಿ ದಿನಾ ಬಡಿಯೋಕೆ? ಬಾಯಿಗೆ ಬೀಗ ಜಡಿದಿದ್ಯಾ? ಹೇಳೋಕೆ ಏನಾಗಿತ್ತು ನಿಂಗೆ?"

ವೃದ್ಧರ ಹೋಮಿನ ಒಡತಿ ಮ್ಯಾಡಮ್ ಕ್ವೆಕ್ ಟಿವಿಯ ಕಡೆ ಬೆರಳು ಚಾಚಿದಳು. ವಾರ್ಡಿನ ಕ್ಯಾಮೆರಾದಲ್ಲಿ ಚಿತ್ರವಷ್ಟೇ, ಸದ್ದಿಲ್ಲ. ಬೆಳಗಿನ ಪಾಳಿಗೆ ಬಂದ ನರ್ಸ್ ಫೆಲಿಸಿತಾಸ್ ಕಿಟಕಿ ಪಕ್ಕದ ಹಾಸಿಗೆಗೆ ಬಾಗುತ್ತಾಳೆ. ಮುದುಕಿಯ ಕೈ ಅವಳ ಹಣೆಗೆ ತಾಗುತ್ತದೆ. ನಿನ್ನೆಯೂ ಅದೇ, ಮೊನ್ನೆಯೂ ಅದೇ.

"ಹೊಡೀತಿಲ್ಲ ಮ್ಯಾಡಮ್. ನಾನೇ ಅವರ ಕೈ ತಗೊಂಡು ಹಣೆಗೆ ಒತ್ಕೋತೀನಿ. ನಮ್ಮೂರ ಕಡೆ ಹಿರೀಕರ ಆಶೀರ್ವಾದ ಬೇಡೋದು ಹಿಂಗೇ," ಅಂದಳು ಎದುರು ನಿಂತ ಫೆಲಿಸಿತಾಸ್, ಎಲ್ಲರ ಬಾಯಲ್ಲಿ ಫೆಲಿ.

"ಆಹಾ! ಪೂಜೆ ಮಾಡ್ಲಿ ಅಂತ ನಿನ್ನ ಫಿಲಿಪೀನ್ಸಿಂದ ಕರೆಸಿದ್ನಾ? ನೋಡು ಮಿಸ್ಸಿ, ಮುದುಕಿ ಹೊಡೀತಾಳೆ ಅಂದ್ರೆ ಅವಳ ಕೈ ಕಟ್ಟು. ಹೊಡೆಯಲ್ಲ ಅಂದ್ರೆ ತಪ್ಪು ನಿಂದು, ನಿನ್ನ ಗಂಟುಮೂಟೆ ಕಟ್ಟು. ಯಾವ್ದು ಕಟ್ತೀಯ?" ಅಲ್ಲಿ ನರ್ಸುಗಳೆಲ್ಲ ಮಿಸ್ಸಿಯರೇ.

ಇಪ್ಪತ್ತೆರಡು ವರ್ಷದಿಂದ ಫೆಲಿಯ ಕೆಲಸದ ಪರ್ಮಿಟ್ಟಿನ ಮೇಲಿದ್ದದ್ದು ಈ ಹೋಮಿನ ಹೆಸರೊಂದೇ. ಅದು ರದ್ದಾದರೆ ಸಿಂಗಪುರದಲ್ಲಿ ಕಾಲೂರಲು ಜಾಗವಿಲ್ಲ. ಅತ್ತ ತನ್ನೂರು ಇಲೊಯ್ಲೊದಲ್ಲಿ ಗಂಡನ ಡಯಾಲಿಸಿಸ್ ನಿಲ್ಲುತ್ತದೆ. ಹೆತ್ತ ತಾಯಿ ಸತ್ತಾಗಲೂ ಇದೇ ಮ್ಯಾಡಮ್ ರಜೆ ಕೊಟ್ಟಿರಲಿಲ್ಲ. ಹಣೆಗೊತ್ತಿಕೊಳ್ಳಲು ತಾಯಿಯ ಕೈ ಸಿಗದವಳು ಈ ಮುದುಕಿಯ ಕೈ ಹಿಡಿದಿದ್ದಳು, ಅಷ್ಟೇ.

"ಹೊಡೀತಾರೆ ಮ್ಯಾಡಮ್," ಅಂದುಬಿಟ್ಟಳು. ಥೂ, ಇದೂ ಒಂದು ನಾಲಿಗೆಯೇ ಎನಿಸಿತು ಅವಳಿಗೆ.

ಮುದುಕಿ ಎಲ್ಲರಿಗೂ ಆಮಾ, ಚೀನೀ ಮಾತಿನಲ್ಲಿ ಅಜ್ಜಿ. ಫೆಲಿಗೆ ಮಾತ್ರ ಲೋಲಾ, ತನ್ನೂರಿನ ಮಾತಿನಲ್ಲಿ ಅಜ್ಜಿ. ಮಾರ್ಕೆಟ್ಟಿನಲ್ಲಿ ಮೀನು ಕೊಚ್ಚುತ್ತ, ಗಿರಾಕಿಗಳನ್ನು ಬೈಯುತ್ತ ಬಾಳಿದ ಹೆಂಗಸು. ಫೆಲಿ ಬೆರಳಾಡದ ದಪ್ಪ ಕೈಗವಸು ತೊಡಿಸಿ ಅದರ ಪಟ್ಟಿಯನ್ನು ಮಂಚದ ಕಂಬಿಗೆ ಸುತ್ತುತ್ತಿದ್ದಂತೆ ಮುದುಕಿ ಕೂಗಿಕೊಂಡಳು:

"ನಾನೇನು ಮಾರೋ ಏಡಿಯೇನೇ ಮುಂಡೆ, ಕೈಕಾಲು ಬಿಗಿಯೋಕೆ? ತೂಕಕ್ಕೆ ಹಾಕ್ತಾಳೇನೇ ನಿಮ್ಮ ಮ್ಯಾಡಮ್ಮು?"

"ಸುಮ್ನಿರಿ ಲೋಲಾ. ಹೊಡೆಯೋರ ಕೈ ಕಟ್ಟಬೇಕಂತೆ."

"ನಾನು ನಿಂಗೆ ಹೊಡೆದ್ನಂತೆ? ಯಾವ ಬೋಳಿಮಗ ಹೇಳ್ದ?"

ಫೆಲಿ ಗಂಟು ಹಾಕಿದಳು. ಯಾರ ಕೈ ಕಟ್ಟಿದರೂ ಅವಳದು ಜಾರುಗಂಟು. ಬೆಂಕಿ ಬಿದ್ದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ತುದಿ ಮಾತ್ರ ಮಲಗಿದವರಿಗೆ ಎಟುಕಬಾರದು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಲಿತದ್ದು.

"ನಾನೇ ಹೇಳ್ದೆ ಲೋಲಾ."

ಮುದುಕಿ ಮುಖವನ್ನು ಕಿಟಕಿ ಕಡೆ ಹೊರಳಿಸಿದಳು. ಅವತ್ತು ಒಂದು ಬೈಗುಳವೂ ಬರಲಿಲ್ಲ. ಮರುದಿನ ಗಂಜಿಗೆ ಬಾಯಿ ತೆರೆಯಲಿಲ್ಲ. ಅದರ ಮರುದಿನ ನೀರಿಗೂ ತೆರೆಯಲಿಲ್ಲ.

"ಒಂದೇ ಒಂದು ಗುಟುಕು, ನನ್ನವ್ವ," ಎಂದು ಫೆಲಿ ಬೇಡಿಕೊಂಡಳು.

"ಕಟ್ಟಿದ ಏಡಿಗೆ ಯಾರೇ ಗಂಜಿ ಕುಡಿಸ್ತಾರೆ?" ಎಂದಳು ಮುದುಕಿ. "ಅದನ್ನ ನೇರ ಕುದಿಯೋ ನೀರಿಗೇ ಹಾಕೋದು."

ಫೆಲಿ ಚಮಚ ಕೆಳಗಿಟ್ಟಳು. ಗಂಡನ ಮುಖ ಕಣ್ಣ ಮುಂದೆ ಬಂತು. ಎದುರಿಗೆ ಒಣಗಿ ಬಿರಿದ ಈ ತುಟಿಗಳಿದ್ದವು. ಅವಳು ಕ್ಯಾಮೆರಾ ನೋಡಿದಳು, ತುದಿ ಹಿಡಿದಳು, ಎಳೆದಳು. ಒಂದು ಕೈ, ಇನ್ನೊಂದು ಕೈ. ಗವಸುಗಳನ್ನೂ ಕಳಚಿದಳು. ಮಣಿಕಟ್ಟಿನಲ್ಲಿ ಪಟ್ಟಿಯ ಬಾಸುಂಡೆ ಎದ್ದಿತ್ತು. ಆ ಕೈಯನ್ನು ಎತ್ತಿ ಹಣೆಗೊತ್ತಿಕೊಂಡಳು. ಮುದುಕಿ ಕೈ ಎಳೆದುಕೊಳ್ಳಲಿಲ್ಲ. ಫೆಲಿ ಹಿಡಿದ ಚಮಚದಿಂದ ನೀರು ಕುಡಿದಳು.

"ಮಿಸ್ಸಿ! ಕಟ್ಟೇ ಅದನ್ನ!" ಸೂರಿನ ಸ್ಪೀಕರ್ ಅರಚಿತು.

ಫೆಲಿ ಅಲುಗಲಿಲ್ಲ. ಮ್ಯಾಡಮ್ ಮೆಟ್ಟಿಲಿಳಿದು ಬುಸುಗುಡುತ್ತ ಬಂದಳು. "ಸರಿಯೇ ಆಚೆ, ದರಿದ್ರದವಳೇ!" ಎಂದು ಅವಳನ್ನು ತಳ್ಳಿ, ತಾನೇ ಪಟ್ಟಿ ಹಿಡಿದು ಬಾಗಿದಳು.

ಛಟಾರ್!

ಮೀನು ಕೊಚ್ಚಿದ ಕೈ. ಎರಡು ದಿನದ ಹಸಿವು ಅದನ್ನು ಏನೂ ಮಾಡಿರಲಿಲ್ಲ. ಮ್ಯಾಡಮ್ಮಿನ ಕನ್ನಡಕ ಹಾರಿ ಮಂಚದಡಿ ಬಿತ್ತು.

"ನೋಡಿದ್ಯಾ! ಹೊಡೆದ್ಲು, ನೋಡಿದ್ಯಾ!"

"ಇಲ್ವಲ್ಲ ಮ್ಯಾಡಮ್," ಫೆಲಿ ಅಂದಳು. "ಅದು ಆಶೀರ್ವಾದ."

"ಇವತ್ತೇ ನಿನ್ನ ಪರ್ಮಿಟ್ ರದ್ದು! ರಾತ್ರಿ ವಿಮಾನಕ್ಕೇ ತುಂಬ್ತೀನಿ ನಿನ್ನ!" ಮ್ಯಾಡಮ್ ಫೋನ್ ತೆಗೆದಳು.

ಅವಳು ತುಂಬುತ್ತಾಳೆ, ಫೆಲಿಗೆ ಗೊತ್ತು. ಗಂಡನಿಗೆ ಏನು ಹೇಳುವುದು, ಗೊತ್ತಿಲ್ಲ. ಬಿಚ್ಚಿದ ಪಟ್ಟಿಗಳನ್ನು ಹೇಲಿನ ಡೈಪರುಗಳ ಡಬ್ಬಕ್ಕೆ ಎಸೆದಳು. ವಾರ್ಡಿನುದ್ದಕ್ಕೂ ಉಳಿದ ಮಂಚಗಳ ಕಂಬಿಗಳು ಕಟಕಟ ಎನ್ನತೊಡಗಿದ್ದವು. ಗವಸು ತೊಟ್ಟ ಕೈಗಳು ಜಗ್ಗುತ್ತಿದ್ದವು. ಅಷ್ಟನ್ನೂ ಕಟ್ಟಿದವಳು ಅವಳೇ.

ಫೆಲಿ ಪಕ್ಕದ ಹಾಸಿಗೆಗೆ ಹೋಗಿ ಗಂಟಿನ ತುದಿ ಹುಡುಕಿದಳು.