ಮನೆಚಪ್ಪಲಿಯ ಸಾರ್ವಜನಿಕರು

ಮೂರನೇ ಫೋಟೋಗೆ ಅಂಟು ಸವರಿ ಕಡತದ ಹಾಳೆಗೆ ಒತ್ತಬೇಕು, ಅಷ್ಟರಲ್ಲಿ ಬುರುಲ್ಚಾಳ ಕೈ ತಡೆದು ನಿಂತಿತು. ಕೆಳಗೆ ಬರೆಯಬೇಕಾಗಿದ್ದುದು ಇಷ್ಟೇ: 'ಬಜೆಟ್ ಕುರಿತು ಸಾರ್ವಜನಿಕರ ಅಹವಾಲು ಸಭೆ.' ಆದರೆ ಕೂತಿದ್ದ ಸಾರ್ವಜನಿಕರ ಕಾಲಲ್ಲೆಲ್ಲ ಮನೆಚಪ್ಪಲಿ! ಹಿಮ ಮೆತ್ತಿದ ಬೂಟನ್ನು ಬಾಗಿಲಲ್ಲೇ ಬಿಟ್ಟು, ಮೆತ್ತನೆಯ ಚಪ್ಪಲಿ ಮೆಟ್ಟಿ ಕೆಲಸಕ್ಕೆ ಕೂರುವುದು ಈ ಹಣಕಾಸು ಕಚೇರಿಯ ಹೆಂಗಸರ ರೂಢಿ. ಸಾರ್ವಜನಿಕರ ವೇಷದಲ್ಲಿ ಕೂರುವ ಮುಂಚೆ ಕೊರಳ ಗುರುತಿನ ಚೀಟಿಯನ್ನು ಮರೆಯದೆ ತೆಗೆದಿಟ್ಟಿದ್ದರು. ಕಾಲು ಯಾರಿಗೂ ನೆನಪಾಗಿರಲಿಲ್ಲ. ಎರಡನೇ ಸಾಲಿನಲ್ಲಿ, ಹಳ್ಳಿಯವಳ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದವಳು ಸ್ವತಃ ಬುರುಲ್ಚಾ.

ನಾಲ್ಕು ವರ್ಷಕ್ಕೊಮ್ಮೆ ವಿದೇಶಿ ತಜ್ಞರು ಬಂದು, ಶಾಲೆಯ ಮಕ್ಕಳಿಗೆ ಹಾಕಿದಂತೆ ದೇಶದ ಬೊಕ್ಕಸಕ್ಕೆ ದರ್ಜೆ ಹಾಕಿ ಹೋಗುತ್ತಾರೆ. ಕಾಗದ ಇದ್ದರೆ 'ಎ', ಇಲ್ಲದಿದ್ದರೆ 'ಡಿ'. ಕಾಗದದಾಚೆ ಇಣುಕುವ ಕುತೂಹಲ ಅವರಿಗಿಲ್ಲ, ತಲೆ ತಗ್ಗಿಸುವ ನಾಚಿಕೆ ಇವರಿಗಿಲ್ಲ. ಈ ಸಲದ ತಜ್ಞ ನಿನ್ನೆ ಉಡುಗೊರೆಯ ಬಿಳಿ ಉಣ್ಣೆ ಟೋಪಿ ಹಾಕಿಕೊಂಡು, ಅತಿಥಿಗೆಂದೇ ಬೇಯಿಸಿದ ಕುರಿತಲೆಯ ಮುಂದೆ ಕೂತು, "ಪಾರದರ್ಶಕತೆ ತುಂಬಾ ಸುಧಾರಿಸಿದೆ" ಎಂದು ಹೊಗಳಿದ್ದ. ಆವರೆಗೆ ಒಂದು ಕಡತವನ್ನೂ ಬಿಚ್ಚಿ ನೋಡಿರಲಿಲ್ಲ ಮಹಾನುಭಾವ.

ವಿಭಾಗದ ಮುಖ್ಯಸ್ಥ ಏರ್ಮೆಕ್, ಬುರುಲ್ಚಾಗಿಂತ ಹತ್ತು ವರ್ಷ ಚಿಕ್ಕವನು, ಅವಳನ್ನು 'ಎಜೆ', ಅಂದರೆ ಅಕ್ಕ, ಎಂದೇ ಕರೆಯುವವನು, ಹಿಂದಿನಿಂದ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ.

"ಅಯ್ಯೋ ಬುರುಲ್ಚಾ ಎಜೆ, ಎಲ್ಲರೂ ಹಾಸಿಗೆಯಿಂದ ಎದ್ದು ಬಂದ ಹಾಗಿದೀರಲ್ಲ!"

"ತಲೆಗೆ ಬಟ್ಟೆ ಕಟ್ಕೊಳ್ಳಿ ಅಂದ್ರಿ. ಕಾಲಿನ ವಿಷಯ ನೀವು ಎತ್ತಲೇ ಇಲ್ಲ."

"ಮೊಣಕಾಲಿನ ಕೆಳಗೆ ಕತ್ತರಿಸಿಬಿಡಿ. ಆ ಮೂಲೇಲಿ ಬೂಟು ಹಾಕಿರೋಳು ಯಾರು?"

"ನಿಜವಾದ ಸಾರ್ವಜನಿಕರು ಅಂದ್ರೆ ಅವಳೊಬ್ಬಳೇ."

ಬೆಟ್ಟದ ಹಳ್ಳಿಯೊಂದರ ಶಾಲೆಯ ಅಡುಗೆಯವಳು, ಟೊಕ್ಟೊಬ್ಯೂಬ್ಯೂ. ಸಭೆಯ ಪ್ರಕಟಣೆಯನ್ನು ನಂಬಿ, ಬಾಡಿಗೆ ಕಾರಿನಲ್ಲಿ ಇಕ್ಕಟ್ಟಾಗಿ ಕೂತು ಆರು ಗಂಟೆ ದಾರಿ ಸವೆಸಿ ಬಂದಿದ್ದಳು. "ನಮ್ಮ ಶಾಲೆಗೆ ಮಂಜೂರಾದ ಕಲ್ಲಿದ್ದಲು ಯಾರ ಮನೆ ಒಲೇಲಿ ಉರೀತಿದೆ?" ಎಂದು ಕೇಳಿದ್ದಳು. ಅವಳಿಗೆ ಚಹಾ, ಬ್ರೆಡ್ಡು, ಧನ್ಯವಾದ ಸಿಕ್ಕಿತ್ತು. ಹಾಜರಿ ಪುಸ್ತಕದಲ್ಲಿ ಅದೇ ಪ್ರಶ್ನೆಯನ್ನು ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲಿ ಫೋನ್ ನಂಬರ್ ಕೊಟ್ಟು ಹೋಗಿದ್ದಳು.

"ಅವಳನ್ನೂ ಕತ್ತರಿಸಿ," ಎಂದ ಏರ್ಮೆಕ್. "ನಾಳೆ ಹತ್ತು ಗಂಟೆಗೆ ತಜ್ಞರು ಸಭೆಗೆ ಬಂದಿದ್ದ ಒಬ್ಬರನ್ನ ಮಾತಾಡಿಸ್ತಾರಂತೆ. ನೀವೇ ಕೂತ್ಕೊಳ್ಳಿ. 'ನಮ್ಮ ಅಹವಾಲು ಕೇಳಿದ್ರು, ಸಂತೋಷ ಆಯ್ತು' ಅಂದ್ರೆ ಮುಗೀತು. ಪಿಂಚಣಿಗೆ ಇನ್ನೆರಡೇ ವರ್ಷ ಅಲ್ವಾ, ಎಜೆ?"

ಕೊನೆಯ ಮಾತಿಗೆ ಅವನೇ ನಕ್ಕ. ಅದರೊಳಗಿನ ಬೆದರಿಕೆ ಅವಳಿಗೆ ಅರ್ಥವಾಯಿತು.

"ಆಗಲಿ," ಎಂದಳು.

ಅವನು ಹೋದಮೇಲೆ ಫೋಟೋವನ್ನು ಬೆಳಕಿಗೆ ಹಿಡಿದಳು. ಇಪ್ಪತ್ತಾರು ವರ್ಷ ಈ ಕಚೇರಿಯವರನ್ನೆಲ್ಲ ಮನಸ್ಸಿನಲ್ಲೇ ಉಗಿದಿದ್ದಳು. ಅದರಲ್ಲೇ ತಾನು ಬೇರೆ ಎಂಬ ಸಮಾಧಾನ. ಆದರೆ ಆ ಸಾಲುಗಳಲ್ಲಿ ಅತ್ಯಂತ ವಿಧೇಯವಾಗಿ, ಕುತ್ತಿಗೆ ಓರೆ ಮಾಡಿ, ಎಲ್ಲವೂ ಸತ್ಯವೆಂಬಂತೆ ಕೇಳಿಸಿಕೊಳ್ಳುತ್ತಿದ್ದ ಮುಖ ಅವಳದೇ. ಉಳಿದವರು ಕನಿಷ್ಠ ಆಕಳಿಸುತ್ತಿದ್ದರು.

ಹಾಜರಿ ಪುಸ್ತಕ ತೆರೆದು ನಂಬರನ್ನು ಎರಡು ಸಲ ಓದಿಕೊಂಡಳು. ಎಲ್ಲಿಯೂ ಬರೆದುಕೊಳ್ಳಲಿಲ್ಲ. ಸಂಜೆ ಬೀದಿಗಿಳಿದ ಕೂಡಲೇ ಫೋನ್ ಮಾಡಿದರೆ, ಟೊಕ್ಟೊಬ್ಯೂಬ್ಯೂ ರಾತ್ರಿಯೇ ಹೊರಡುವ ಕಾರು ಹಿಡಿದು ಹತ್ತು ಗಂಟೆಯೊಳಗೆ ಬಂದು ಮುಟ್ಟಬಹುದು. ತಜ್ಞನೆದುರು ಇರುವುದು ಒಂದೇ ಕುರ್ಚಿ. ಅದರಲ್ಲಿ ಆ ಅಡುಗೆಯವಳೇ ಕೂರಲಿ.

ಪಕ್ಕದ ಮೇಜಿನವಳು ಚಹಾಕ್ಕೆ ಕರೆದಳು. ಬುರುಲ್ಚಾ ಹಾಜರಿ ಪುಸ್ತಕ ಮುಚ್ಚಿಟ್ಟು ಎದ್ದು ಹೋದಳು.