ಎರಡೂ ಎಡಗೈ ತೋಳು

ನಮ್ಮದು ದರ್ಜಿ ಅಂಗಡಿ. ನಾನು ಬಟ್ಟೆ ಕತ್ತರಿಸುತ್ತೇನೆ, ತಂಗಿ ಹೊಲಿಯುತ್ತಾಳೆ. ಆದರೆ ಆರು ವರ್ಷಗಳಿಂದ ನಾವು ಮುಖ ಕೊಟ್ಟು ಮಾತಾಡಿಲ್ಲ. ಬೆಳಗ್ಗೆ ನಾನು ಕತ್ತರಿಸಿಟ್ಟು ಹೋಗುತ್ತೇನೆ, ಮಧ್ಯಾಹ್ನ ಅವಳು ಬರುತ್ತಾಳೆ. ಮಾತೇನಿದ್ದರೂ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ: ಎದೆ ನಲವತ್ತು, ತೋಳು ಇಪ್ಪತ್ತನಾಲ್ಕು. ಒಂದು ದಿನವೂ 'ಊಟ ಆಯ್ತಾ' ಎಂದು ಬರೆದವಳಲ್ಲ. ನಾನೂ ಬರೆಯಲಿಲ್ಲ ಬಿಡಿ, ನನಗೂ ಜಂಬ.

ಕಾರಣ ಒಂದು ಕೋಟು. ಎರಡನೇ ತೋಳಿಗೆ ಬಟ್ಟೆ ಮಗುಚಿ ಹಾಕುವುದನ್ನು ಮರೆತು ಎರಡೂ ಎಡಗೈ ತೋಳೇ ಕತ್ತರಿಸಿದ್ದೆ. ಅವಳು ಬೈದಳು. ಬೈಯದೆ ಬಿಡುತ್ತಾಳೆಯೇ? ನಾನು ಕೂಗಾಡುತ್ತಲೇ ಕುಸಿದುಬಿದ್ದೆ. ಬಿಪಿ ಇನ್ನೂರ ಇಪ್ಪತ್ತು. ಆಸ್ಪತ್ರೆಯಲ್ಲಿ ಯಾರೋ "ಇವರನ್ನ ರೇಗಿಸಬೇಡಿ" ಎಂದರಂತೆ. ತನ್ನ ನಾಲಗೆ ಅಣ್ಣನನ್ನು ಕೊಲ್ಲುತ್ತದೆ ಎಂದು ಅವಳು ದೂರವಾದಳು.

ಉಪ್ಪು ಬಿಟ್ಟೆ, ಮೂರು ಬಗೆಯ ಮಾತ್ರೆ ನುಂಗಿದೆ. ಬಿಪಿ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಸಪ್ಪೆ ಊಟದ ಮುಂದೆ ಒಬ್ಬನೇ ಕೂತು, ಬೈಯುವವರಾದರೂ ಇರಬಾರದೇ ಎಂದು ಅತ್ತದ್ದೂ ಉಂಟು.

ಈ ವರ್ಷ ಹೊಸ ಡಾಕ್ಟರಮ್ಮ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಿದೆ ಎಂದು ಸ್ಕ್ಯಾನ್ ಮಾಡಿಸಿದರು. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ ಷರ್ಟಿನ ಗುಂಡಿಯಷ್ಟು ಗಂಟು! "ಇದೇ ಹಾರ್ಮೋನ್ ಸುರಿಸಿ ಬಿಪಿ ಏರಿಸ್ತಾ ಇರೋದು. ಯಾರೋ ಬೈದಿದ್ದಕ್ಕೆ ಬಂದಿದ್ದಲ್ಲ," ಎಂದರು. ತೆಗೆಸಿದೆ. ಆಪರೇಷನ್ ದಿನ ತಂಗಿ ಬಾಗಿಲ ಹೊರಗೇ ಕೂತಿದ್ದು ಹೋದಳಂತೆ, ನರ್ಸ್ ಹೇಳಿದರು. ಬಿಪಿ ತಹಬಂದಿಗೆ ಬಂತೆಂದು ಹೇಳಿ ಕಳಿಸಿದೆ. ಅವಳು ನಂಬಲಿಲ್ಲ.

ನಿನ್ನೆ ಬೇಕೆಂದೇ, ನನ್ನದೇ ಬಟ್ಟೆಯಲ್ಲಿ, ಎರಡೂ ಎಡಗೈ ತೋಳು ಕತ್ತರಿಸಿಟ್ಟೆ. ಮನೆಗೆ ಹೋಗದೆ, ರಟ್ಟೆಗೆ ಬಿಪಿ ಯಂತ್ರದ ಪಟ್ಟಿ ಸುತ್ತಿಕೊಂಡು ಕೂತೆ. ಅವಳು ಬಂದಳು. ಕೂದಲು ಅರ್ಧ ನರೆತಿತ್ತು. ತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, ತುಟಿ ಕಚ್ಚಿ ಮಡಚಿಟ್ಟಳು.

"ಬೈಯೇ," ಎಂದೆ.

"ಬೇಡಣ್ಣ. ಒಂದ್ಸಲ ಬಾಯಿ ಬಿಟ್ಟು ಅನುಭವಿಸಿದ್ದು ಸಾಕು."

ನಾನು ಯಂತ್ರದ ಗುಂಡಿ ಒತ್ತಿದೆ. ಪಟ್ಟಿ ಉಬ್ಬತೊಡಗಿತು.

"ಕಣ್ಣು ಎಲ್ಲಿಟ್ಟಿದ್ದೆ?" ಎಂದಳು, ಪಿಸುದನಿಯಲ್ಲಿ. ಆಮೇಲೆ ತಡೆಯಲಾಗಲಿಲ್ಲ. "ಒಳ್ಳೆ ಬಟ್ಟೆ ಹಾಳು ಮಾಡಿದೀಯಲ್ಲ, ಬುದ್ಧಿ ಬೇಡ್ವಾ? ಆರು ವರ್ಷ! ಒಂದಿನ ಆದ್ರೂ 'ಬಾ' ಅಂತ ಬರೆದ್ಯಾ? ಸೀಮೆಸುಣ್ಣಕ್ಕೆ ಬರಗಾಲ ಬಂದಿತ್ತಾ?"

ಯಂತ್ರ ಕೀಂ ಎಂದಿತು. ಅವಳು ಓಡಿಬಂದು ಬಗ್ಗಿ ನೋಡಿದಳು. ನೂರ ಇಪ್ಪತ್ತಾರು.

"ಇನ್ನೊಂದ್ಸಲ ನೋಡೋಣ," ಎಂದು ಅಳುತ್ತಲೇ ಪಟ್ಟಿ ಬಿಗಿ ಮಾಡಿ, ಮೊದಲಿನಿಂದ ಬೈಯತೊಡಗಿದಳು.