ಭೂತಪ್ಪ ಕಟ್ಟಿದ ಲಂಗರು

ಆರು ದಿನ ಬೆಂಕಿಯ ಮುಂದೆ ನಿಂತವನಿಗೆ ಏಳನೆಯ ದಿನ ನೀರು ಬೇಕೆನಿಸುವುದು ಸಹಜ. ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವ ಕೆಲಸ ಭೂತಪ್ಪನದು. ಶನಿವಾರ ಸಂಜೆ ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಹಣ್ಣಾಗಿರುತ್ತಿತ್ತು. ಮಾತು ಬೇಡ, ಟಿವಿ ಬೇಡ. ಭಾನುವಾರ ಬೆಳಿಗ್ಗೆ ಭದ್ರಾ ಹೊಳೆಗೆ ಗಾಳ ಹಾಕಿ ಸುಮ್ಮನೆ ಕೂತರೆ ಸಾಕು. ಮೀನು ಸಿಕ್ಕರೆ ಸಾರು, ಸಿಗದಿದ್ದರೂ ನೆಮ್ಮದಿ.

ಮೊದಲೆಲ್ಲ ದಡದ ಮೇಲೆಯೇ ಕೂರುತ್ತಿದ್ದ. ಆಮೇಲೆ ಶಿವಮೊಗ್ಗದ ರವೀಂದ್ರನಗರದಲ್ಲಿರುವ ಭಾವಮೈದುನ ಜ್ಞಾನೇಶ, ಸೊಂಟನೋವು ಬಂದು ಮೂಲೆಗೆ ಹಾಕಿದ್ದ ತನ್ನ ಕಯಾಕನ್ನು ಇವನಿಗೆ ಕೊಟ್ಟ. ಕಯಾಕ್ ಅಂದರೆ ಒಬ್ಬರೇ ಕೂತು ಹುಟ್ಟು ಹಾಕಿಕೊಂಡು ಹೋಗುವ ಉದ್ದನೆಯ ಪ್ಲಾಸ್ಟಿಕ್ ದೋಣಿ. ಜೊತೆಗೆ ಒಂದು ಲೈಫ್ ಜಾಕೆಟ್ಟೂ ಬಂತು. ದೋಣಿಯ ಸೀಟು ಗಟ್ಟಿ. ಭೂತಪ್ಪ ಜಾಕೆಟ್ಟನ್ನು ಮಡಚಿ ಅದರ ಮೇಲೆ ಕೂತ. ಹಿತವಾಗಿತ್ತು.

ದೋಣಿ ನಿಂತಲ್ಲೇ ನಿಲ್ಲಲು ಲಂಗರು ಬೇಕಲ್ಲ? ಫೌಂಡ್ರಿಯವನಿಗೆ ಕಬ್ಬಿಣಕ್ಕೆ ಬರವೇ! ಅಚ್ಚಿನಲ್ಲಿ ಕೆಟ್ಟುಹೋದ ದಪ್ಪ ತುಂಡೊಂದನ್ನು ಮೇಸ್ತ್ರಿಯನ್ನು ಕೇಳಿ ತಂದ. ಅದಕ್ಕೆ ನೈಲಾನ್ ಹಗ್ಗ ಹಾಕಿ ದೋಣಿಯ ಪಕ್ಕದ ಹಿಡಿಕೆಗೆ ಬಿಗಿದ. ಗಂಟು ಹಾಕುವುದರಲ್ಲಿ ಅವನದು ಎತ್ತಿದ ಕೈ. ಅವನು ಹಾಕಿದ ಗಂಟನ್ನು ಅವನೇ ಬಿಚ್ಚಲು ಒದ್ದಾಡಬೇಕು.

ಪಕ್ಕದ ಮನೆಯ ಜಟ್ಟಪ್ಪ ಇದನ್ನೆಲ್ಲ ಕಾಂಪೌಂಡಿನ ಮೇಲಿಂದ ನೋಡಿದ. ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತನಾದವನು ಅವನು. ಬೆಂಕಿಗಿಂತ ಹೊಳೆಯಲ್ಲಿ ಮುಳುಗಿದವರನ್ನು ಎತ್ತುವ ಕರೆಗೇ ಹೆಚ್ಚು ಓಡಿದವನು.

“ಏನ್ ಮಾರಾಯ, ಇದು ದೋಣಿ ನಿಲ್ಲಿಸೋಕಾ ಇಲ್ಲಾ ಮುಳುಗಿಸೋಕಾ? ಲಂಗರು ಹಗುರ ಇರ್ಬೇಕು. ಪಕ್ಕಕ್ಕೆ ಕಟ್ಲೇಬಾರ್ದು.”

“ನಂಗೆ ಈಜು ಬರುತ್ತೆ ಬಿಡೋ ಜಟ್ಟಪ್ಪ” ಎಂದ ಭೂತಪ್ಪ. ಅವನ ಕಣ್ಣು ಫೋನಿನ ಮೇಲಿತ್ತು. “ಇಲ್ಲಿ ನೋಡು, ನೀರೊಳಗೆ ಮೀನು ಎಲ್ಲಿದೆ ಅಂತ ತೋರಿಸೋ ಮಿಷನ್ ಅಂತೆ. ಬೋನಸ್ ಬಂದ್ರೆ ಇದನ್ನ ತಗೋತೀನಿ.”

“ಮೀನು ಎಲ್ಲಿದೆ ಅಂತ ಆಮೇಲೆ ಹುಡುಕು. ಮೊದ್ಲು ನೀನು ಎಲ್ಲಿರ್ತೀಯ ನೋಡ್ಕೋ.”

ಭೂತಪ್ಪನಿಗೆ ವಾದ ಮಾಡುವಷ್ಟೂ ಶಕ್ತಿ ಇರಲಿಲ್ಲ. ನಕ್ಕು ಒಳಗೆ ಹೋಗಿ ಮಲಗಿದ.

ಭಾನುವಾರ ಎಂದಿನಂತೆ ಹೆಂಡತಿ ಹುಲಿಗೆಮ್ಮ ಬಟ್ಟೆಬುಟ್ಟಿ ಹಿಡಿದು ಹೊಳೆಗೆ ಬಂದಳು. ಅವಳೂ ವಾರವೆಲ್ಲ ಶಾಲೆಯ ಬಿಸಿಯೂಟದ ಒಲೆಯ ಮುಂದೆ ಬೆಂದವಳೇ. ಭೂತಪ್ಪ ನಡು ಹೊಳೆಗೆ ಹೋಗಿ ಲಂಗರು ಇಳಿಸಿದ. ಹಿಂದಿನ ದಿನ ಮೇಲೆಲ್ಲೋ ಮಳೆಯಾಗಿ ನೀರು ಕೆಂಪಗೆ, ಸ್ವಲ್ಪ ಜೋರಾಗಿಯೇ ಹರಿಯುತ್ತಿತ್ತು. ಕೆಂಪು ನೀರಿಗೆ ಮೀನು ಬೀಳುತ್ತದೆ ಎಂದುಕೊಂಡ. ತಂಪು ಗಾಳಿಗೆ ಕಣ್ಣು ಎಳೆಯಿತು.

ನೀರಿನ ಸೆಳೆತಕ್ಕೆ ದೋಣಿ ಅಡ್ಡ ತಿರುಗಿತು. ಪಕ್ಕಕ್ಕೆ ಕಟ್ಟಿದ ಹಗ್ಗ ಬಿಗಿದು ಆ ಬದಿಯನ್ನು ಕೆಳಕ್ಕೆ ಜಗ್ಗಿತು. ಭೂತಪ್ಪ ಎಚ್ಚೆತ್ತು ಗಂಟಿಗೆ ಕೈ ಹಾಕಿದ. ಅದು ಅವನೇ ಹಾಕಿದ ಗಂಟು, ಬಿಚ್ಚಲಿಲ್ಲ. ಕೊಯ್ಯಲು ಚಾಕು ಚೀಲದ ತಳದಲ್ಲಿತ್ತು. ನೀರು ಒಳಗೆ ನುಗ್ಗಿ ದೋಣಿ ಮಗುಚಿತು.

ಈಜು ಬರುತ್ತಿತ್ತು, ಸುಳ್ಳಲ್ಲ. ಆದರೆ ಕಾಲಲ್ಲಿ ಫೌಂಡ್ರಿಯ ಉಕ್ಕಿನ ಮೂತಿಯ ಬೂಟು. ಕಲ್ಲು ಚುಚ್ಚದಿರಲಿ ಎಂದು ಹಾಕಿಕೊಂಡಿದ್ದ ಬೂಟಿನೊಳಗೆ ನೀರು ತುಂಬಿ ಕಾಲೇ ಲಂಗರಾಯಿತು. ತೋಳುಗಳು ಮೊದಲೇ ಸೋತಿದ್ದವು. ಸೀಟಿಗೆ ಹಾಸಿದ್ದ ಜಾಕೆಟ್ ಮಾತ್ರ ಕಣ್ಣೆದುರೇ ತೇಲಿಕೊಂಡು ಹೋಯಿತು. ಮಗುಚಿದ ದೋಣಿಯ ಅಂಚು ಹೇಗೋ ಕೈಗೆ ಸಿಕ್ಕಿತು. ಕೂಗಲು ಬಾಯಿ ತೆರೆದರೆ ನೀರು.

ಕೂಗಿದವಳು ಹುಲಿಗೆಮ್ಮ. ಕೆಳಗೆ ಬಲೆ ಎಳೆಯುತ್ತಿದ್ದ ತೆಪ್ಪದವರು ಅವಳ ಕೂಗಿಗೆ ಬಂದು, ಮಗುಚಿದ ದೋಣಿಗೆ ಜೋತುಬಿದ್ದಿದ್ದವನನ್ನು ದಡಕ್ಕೆ ಎಳೆದು ಹಾಕಿದರು. ಸುದ್ದಿ ಕೇಳಿ ಜಟ್ಟಪ್ಪನೂ ಓಡಿ ಬಂದ. ಭೂತಪ್ಪ ನೀರು ಕಾರಿ, ಉಸಿರು ತಿರುಗಿದ ಮೇಲೆ ಪಕ್ಕಕ್ಕೆ ನೋಡಿದ. ಗಾಬರಿಯಲ್ಲಿ ಹುಲಿಗೆಮ್ಮನ ಬುಟ್ಟಿ ಉರುಳಿ ಬಟ್ಟೆ ಚೆಲ್ಲಿತ್ತು. ಎಲ್ಲ ಒಗೆದು ಮಡಚಿಟ್ಟ ಬಟ್ಟೆ. ಸೋಪು ಕೂಡ ಇರಲಿಲ್ಲ.

“ಒಗ್ಯೋಕೆ ಅಲ್ವಾ ಬರ್ತಿದ್ದಿದ್ದು ನೀನು?”

“ಮನೇಲಿ ನಲ್ಲಿ ಇಲ್ವೇನ್ರೀ?” ಹುಲಿಗೆಮ್ಮ ಚೆಲ್ಲಿದ ಬಟ್ಟೆ ಆಯತೊಡಗಿದಳು. “ನಂಗೂ ಒಂದು ಭಾನುವಾರ ಮಲಗ್ಬೇಕು ಅನ್ಸುತ್ತೆ. ನೀವು ನೀರಲ್ಲಿದ್ರೆ ಹೆಂಗೆ ಮಲಗ್ಲಿ? ಕಾವಲಿಗೆ ಬಂದೆ ಅಂದ್ರೆ ಬೈತೀರಿ ಅಂತ ಬುಟ್ಟಿ ತರ್ತಿದ್ದೆ.”

ಭೂತಪ್ಪನಿಗೆ ಮುಳುಗುವಾಗ ಆಗದಷ್ಟು ಸಂಕಟ ಈಗ ಆಯಿತು.

“ಹೆಲ್ಮೆಟ್ ಇಲ್ದೆ ಫೌಂಡ್ರಿ ಗೇಟು ದಾಟಲ್ಲ ನೀವು” ಎಂದಳು ಹುಲಿಗೆಮ್ಮ. “ಅಲ್ಲಿರೋ ಭಯ ಇಲ್ಲಿ ಯಾಕಿಲ್ಲ?”

“ಬೆಂಕಿ ಕಂಡ್ರೆ ಭಯ ಆಗುತ್ತೆ ಮಾರಾಯ್ತಿ. ನೀರು ಕಂಡ್ರೆ ನಿದ್ದೆ ಬರುತ್ತೆ.”

ಜಟ್ಟಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ನಾನು ಹೊಳೆಯಿಂದ ಎತ್ತಿದ ಹೆಣಗಳಲ್ಲಿ ಈಜು ಬರೋರು ಎಷ್ಟೋ ಜನ ಇದ್ರು, ಭೂತಪ್ಪ. ಎತ್ತಿ ಎತ್ತಿ ನಂಗೂ ಸಾಕಾಗಿದೆ.”

ಮರುವಾರ ಭೂತಪ್ಪ, ಜಟ್ಟಪ್ಪ ಇಬ್ಬರೂ ಶಿವಮೊಗ್ಗಕ್ಕೆ ಹೋದರು. ಅಂಗಡಿಯಲ್ಲಿ ಮಿಂಚುವ ಸಾಮಾನಿಗೇನೂ ಕೊರತೆಯಿರಲಿಲ್ಲ. ಗಾಳದ ಕೋಲು ಸಿಕ್ಕಿಸುವ ಸ್ಟ್ಯಾಂಡು, ಕ್ಯಾಮೆರಾ ಕೂರಿಸುವ ಕಂಬಿ, ಆ ಮೀನು ತೋರಿಸುವ ಮಿಷನ್ನು. ಜಟ್ಟಪ್ಪ ಎಲ್ಲವನ್ನೂ ದಾಟಿ ಜಾಕೆಟ್ಟಿನ ಮುಂದೆ ನಿಂತ.

“ನಿನ್ನ ತೂಕಕ್ಕೆ ಸರಿಯಾಗಿರೋದು ತಗೋ. ಹಾಕ್ಕೊಂಡು ಬಕಲ್ ಬಿಗಿ. ಈಗ ಭುಜದ ಹತ್ರ ಹಿಡಿದು ಎತ್ತುತೀನಿ. ಕಿವಿ ತನಕ ಬಂದ್ರೆ ಅದು ನಿಂದಲ್ಲ.”

ಮೊದಲನೆಯದು ಕಿವಿಗೆ ಬಂತು. ಎರಡನೆಯದು ಮೈಗೆ ಅಂಟಿ ನಿಂತಿತು. ಅದಕ್ಕೆ ಜಟ್ಟಪ್ಪ ಒಂದು ಸೀಟಿ ಕಟ್ಟಿಸಿದ. “ಕೂಗಿದ್ರೆ ಗಂಟಲು ಸೋಲುತ್ತೆ. ಸೀಟಿ ಸೋಲಲ್ಲ.” ಫೋನಿಗೆ ನೀರು ಹೋಗದ ಚೀಲ, ನೀರು ನಿಲ್ಲದ ಹಗುರ ಚಪ್ಪಲಿ, ಮಡಚುವ ಪುಟ್ಟ ಲಂಗರು ಇಷ್ಟನ್ನೇ ತೆಗೆದುಕೊಂಡರು. ಲಂಗರಿನ ಹಗ್ಗ ಇನ್ನು ದೋಣಿಯ ತುದಿಗೆ, ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಲ್ಲಿ. ಚಾಕು ಕೈಗೆ ಸಿಗುವಲ್ಲಿ. ನೀರು ಜೋರಿದ್ದರೆ ಲಂಗರೂ ಬೇಡ, ದೋಣಿಯೂ ಬೇಡ.

“ಮತ್ತೆ ಮಿಷನ್ನು?” ಎಂದ ಭೂತಪ್ಪ, ಆಸೆ ಬಿಡದೆ.

“ಬದುಕಿದ್ರೆ ಮುಂದಿನ ವರ್ಷ ನೋಡೋಣ, ನಡಿ.”

ಹೊಳೆ ಇಳಿದು ತಿಳಿಯಾದ ಮೇಲೊಂದು ಭಾನುವಾರ, ಜಟ್ಟಪ್ಪ ಅವನನ್ನು ದಡದ ಹತ್ತಿರ ಸೊಂಟದುದ್ದ ನೀರಿನಲ್ಲಿ ದೋಣಿಸಮೇತ ಬೇಕೆಂದೇ ಉರುಳಿಸಿದ. ಜಾಕೆಟ್ ಹಾಕಿದ್ದ ಭೂತಪ್ಪ ಬೆಂಡಿನ ಹಾಗೆ ತೇಲಿದ. ಲಂಗರಿನ ಗಂಟು ಎಳೆದ, ಬಿಚ್ಚಿತು. ಆಮೇಲೆ ದೋಣಿ ಇಳಿಸುವ ಮೊದಲು ಮನೆಗೆ ಫೋನ್ ಮಾಡಿದ, ಎಲ್ಲಿ ಕೂರುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿದ. ಜಟ್ಟಪ್ಪ ದಡದಲ್ಲೇ ಗಾಳ ಹಾಕಿ ಕೂತ.

ಬಿಸಿಲೇರುವ ಮುನ್ನ ಭೂತಪ್ಪ ಎರಡು ಜಿಲೇಬಿ ಮೀನು ಹಿಡಿದು ಮನೆಗೆ ಬಂದ. ಬಾಗಿಲು ಮುಂದಕ್ಕೆ ಮಾಡಿತ್ತು. ಬಟ್ಟೆಬುಟ್ಟಿ ಮೂಲೆಯಲ್ಲಿತ್ತು. ಹುಲಿಗೆಮ್ಮ ಚಾಪೆಯ ಮೇಲೆ ಬಾಯಿ ತೆರೆದು ಗಾಢ ನಿದ್ದೆ ಹೋಗಿದ್ದಳು. ಭೂತಪ್ಪ ಸದ್ದು ಮಾಡದೆ ಹಿತ್ತಲಿಗೆ ಹೋಗಿ, ಮೀನನ್ನು ತಾನೇ ಕೊಯ್ಯಲು ಕೂತ.

ನೀರಿಗಿಳಿಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮಗೆ ಆಯಾಸವಾಗಿದೆ, ಗೊತ್ತು. ಹೊಳೆಗೆ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಜಾಕೆಟ್ಟನ್ನು ಮೈಗೆ ಹಾಕಿಕೊಳ್ಳಿ, ಬಕಲ್ ಬಿಗಿಯಿರಿ, ಮನೆಯಲ್ಲಿ ಹೇಳಿ ಹೋಗಿ. ನಿಮ್ಮ ಮನೆಯಲ್ಲಿಯೂ ಯಾರೋ ಒಬ್ಬರಿಗೆ ಭಾನುವಾರದ ನಿದ್ದೆ ಬಾಕಿಯಿದೆ.